ಸಂದರ್ಶನದಲ್ಲಿ ನಕ್ಕಿದ್ದಕ್ಕೆ

ಹಿರಿಯ ಡಾಕ್ಟರಮ್ಮನವರಿಗೆ ನಮಸ್ಕಾರ.

ಬಡ್ತಿಯ ಸಂದರ್ಶನದಲ್ಲಿ ನೀವು, "ಇನ್ನೈದು ವರ್ಷಕ್ಕೆ ಏನಾಗಬೇಕು ಅಂತಿದ್ದೀರಿ?" ಎಂದಾಗ ನಾನು ನಕ್ಕುಬಿಟ್ಟೆ. ಸೊಕ್ಕಿನಿಂದಲ್ಲ. ಗುಣವಾಗದ ಕಾಯಿಲೆಯವರ ನಮ್ಮ ವಾರ್ಡಿನಲ್ಲಿ "ಸಾಯಂಕಾಲಕ್ಕೆ ಏನು ಬೇಕು?" ಎಂದಷ್ಟೇ ಕೇಳುತ್ತೇವೆ. ಅದರಾಚೆಗೆ ನಾಲಿಗೆ ಹೊರಳುವುದಿಲ್ಲ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈಗಷ್ಟೇ ಮಡಚಿಟ್ಟ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೇನೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿರುವ ಟೈಲರಜ್ಜ ಈ ಚಡಪಡಿಕೆ ನೋಡಲಾರದೆ ವಿಷಯ ಬಾಯಿಬಿಡಿಸಿದರು.

"ಅಲ್ಲಮ್ಮ, ಕೈಯಲ್ಲಿ ಬಟ್ಟೆ ಇಟ್ಕೊಂಡು ಅಳತೆ ಕೊಡಲ್ಲ ಅಂದ್ರೆ ಹೇಗೆ? ಬೇಕಿದ್ರೆ ನನ್ನ ಪಾಲಿನ ಐದು ವರ್ಷಾನೂ ಸೇರಿಸ್ಕೋ. ಹೋಗಿ ಹೇಳು" ಎಂದರು.

ಈಗ ಉತ್ತರವಿದೆ. ಹೊಸದಾಗಿ ಬರುವ ನರ್ಸುಗಳಿಗೆ ಈ ಆರೈಕೆಯನ್ನು ಕಲಿಸುವವಳಾಗಬೇಕು. ಅದಕ್ಕೆ ಬೇಕಾದ ತರಬೇತಿಗೂ ಹೋಗಲು ಸಿದ್ಧಳಿದ್ದೇನೆ.

ಇನ್ನೊಮ್ಮೆ ಕರೆಯಿರಿ. ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರೂ ಸರಿ. ಮುಂದಿನ ತಿಂಗಳು ನೋಡೋಣ ಎಂದು ಮಾತ್ರ ಹೇಳಬೇಡಿ. ಏನಾಯ್ತು ಎಂದು ಅಜ್ಜ ದಿನವೂ ಕೇಳುತ್ತಿದ್ದಾರೆ. ನಾನು ಹೇಳುವಾಗ ಕೇಳಲು ಅವರಿರಬೇಕು.

ಇಂತಿ,
ಅಂದು ನಕ್ಕ ನರ್ಸ್