ಕೂಗುಗಲ್ಲು

ಕೆರೆಯ ದಂಡೆ,
ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ದಾರದುಂಡೆಗೆ, ನಿನ್ನ ಸೂಜಿ ಬಾಚಿ ತಬ್ಬಿಕೊಂಡು ಬರೆಯುವುದು.

ನಿನ್ನ ಪತ್ರ ಬಂತು. ಪತ್ರವೇನು ಬಂತು, ಬೈಗುಳದ ಮೂಟೆಯೇ ಬಂತು! ಶಾಲೆಯ ಸಮವಸ್ತ್ರದ ಬಟ್ಟೆ ಅಟ್ಟ ಮುಟ್ಟುವಷ್ಟು ಬಿದ್ದಿದೆ, ಗುಂಡಿಗೆ ಕಾಜಾ ಹಾಕುವವಳು ಕೈಕೊಟ್ಟಿದ್ದಾಳೆ, ನೀನು ಅಲ್ಲಿ ಹಕ್ಕಿ ನೋಡ್ಕೊಂಡು ಕೂತಿದ್ದೀಯಾ ಅಂತ ಕೇಳಿದ್ದೀಯ. ಹೌದು ಕಣೇ, ಕೂತಿದ್ದೇನೆ. ಚಿಕ್ಕಮ್ಮನ ಗಂಟಲು ಕಟ್ಟಿದೆಯಂತೆ, ನೋಡಿಕೊಂಡು ವಾರದೊಳಗೆ ಬಂದುಬಿಡುತ್ತೇನೆ ಅಂತ ಹೇಳಿ ಹೊರಟವಳು ನಾನೇ. ಬೈಯುವ ಹಕ್ಕು ನಿನಗಿದೆ. ಆದರೆ ಪೂರ್ತಿ ಓದಿ ಆಮೇಲೆ ಬೈ.

ನನಗೆ ತೀರಿಕೊಂಡ ಅಮ್ಮನ ಮೇಲೆ ಸಿಟ್ಟು ಬಂದಿದೆ. ಇಂಥ ಊರಲ್ಲಿ ಹುಟ್ಟಿ, ಸಾಯುವ ತನಕ ಒಂದು ದಿನ ಇದರ ಸುದ್ದಿ ಎತ್ತಲಿಲ್ಲವಲ್ಲ! ನಮ್ಮಿಬ್ಬರನ್ನೂ ಹೊಲಿಗೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬೆಳೆಸಿದಳು. ಇಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಬರೀ ಮಂಜು, ಕೆರೆಯೇ ಇರುವುದಿಲ್ಲ. ಆಮೇಲೆ ಮಂಜು ಹಳೇ ಹೊಲಿಗೆ ಬಿಟ್ಟ ಹಾಗೆ ಅಂಚಿನಿಂದ ಬಿಚ್ಚಿಕೊಳ್ಳುತ್ತದೆ. ಮೊದಲು ಜೊಂಡಿನ ತುದಿ, ಆಮೇಲೆ ಕೊಕ್ಕರೆಗಳು, ಕೊನೆಗೆ ನೀರು. ಜೊಂಡು ಅಂದರೆ ನೀನು ನಮ್ಮ ಚರಂಡಿ ಪಕ್ಕದ ಹುಲ್ಲು ಅಂದುಕೊಂಡೀಯ. ಇದು ಆಳೆತ್ತರ ಮೀರಿದೆ, ಆಚೆ ದಡವೇ ಕಾಣುವುದಿಲ್ಲ. ಗಾಳಿ ಬೀಸಿದರೆ ಇಡೀ ಕೆರೆ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಊರಿನ ಹೆಂಗಸರು ಅದನ್ನು ಕೊಯ್ದು ಚಾಪೆ ನೇಯುತ್ತಾರೆ. ಹೊಸ ಚಾಪೆಯ ಹಸಿ ವಾಸನೆಗೆ ಕಣ್ಣು ತಾನಾಗಿ ಎಳೆಯುತ್ತದೆ. ನಾನು ಈ ಊರಿಗೆ ಮನಸೋತಿದ್ದೇನೆ, ಉಂಡೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಆದರೆ ಈ ಜೊಂಡಿಗೊಂದು ಕೆಟ್ಟ ಗುಣ. ಒಳಗೆ ಹೊಕ್ಕವರಿಗೆ ದಿಕ್ಕು ತಪ್ಪುತ್ತದೆ. ಅದಕ್ಕೇ ದಂಡೆಯ ಮೇಲೊಂದು ಚಪ್ಪಟೆ ಕಲ್ಲಿದೆ, ಕೂಗುಗಲ್ಲು ಅನ್ನುತ್ತಾರೆ. ಕೊಯ್ಲು ನಡೆಯುವಷ್ಟು ಹೊತ್ತೂ ಒಬ್ಬಳು ಅದರ ಮೇಲೆ ಕೂತು, ಒಳಗಿರುವ ಒಬ್ಬೊಬ್ಬರನ್ನೂ ರಾಗ ಎಳೆದು ಕೂಗುತ್ತಲೇ ಇರಬೇಕು. ಒಳಗಿನವರು 'ಇದ್ದೀನೀ' ಅಂತ ಓಗೊಡಬೇಕು. ಕೂಗು ಬರುವ ಕಡೆಯೇ ದಂಡೆ, ಅದನ್ನು ಹಿಡಿದೇ ಅವರು ಹೊರಗೆ ಬರುವುದು. ಎಲ್ಲರ ಮುಖವನ್ನೂ ಕಣ್ಣಾರೆ ನೋಡುವ ತನಕ ಕೂಗುವವಳು ಕಲ್ಲು ಬಿಟ್ಟು ಏಳುವಂತಿಲ್ಲ. ದನಿ ಕೇಳಿದರೆ ಸಾಲದು, ಮುಖ ಕಾಣಬೇಕು. ಇದು ಅಮ್ಮನ ತವರಿನವರ ಕೆಲಸವಂತೆ. ಅಜ್ಜಿ ಕೂಗಿದಳು, ಅಮ್ಮ ಕೂಗಿದಳು, ಆಮೇಲೆ ಚಿಕ್ಕಮ್ಮ. ದಂಡೆಯಿಂದ ಒಂದು ದನಿ, ನೀರಿನೊಳಗಿಂದ ಹತ್ತಾರು ದನಿ. ಮೊದಲ ಸಲ ಕೇಳಿದಾಗ ನನಗೆ ಸುಮ್ಮಸುಮ್ಮನೆ ಅಳು ಬಂತು.

ನಾನು ಬಂದ ದಿನ ಚಿಕ್ಕಮ್ಮನಿಗೆ ಇನ್ನೂ ಒಂಚೂರು ಗಂಟಲು ಇತ್ತು. ಸಂಜೆಯಾಗುವ ಮೊದಲೇ ಎಲ್ಲರೂ ಹೊರೆ ಹೊತ್ತು ಹೊರಗೆ ಬಂದರು. ಚಿಕ್ಕಮ್ಮ ಮಾತ್ರ ಏಳಲಿಲ್ಲ. ಮತ್ತೆ ಜೊಂಡಿನ ಕಡೆ ತಿರುಗಿ 'ಅಕ್ಕಾ' ಅಂತ ಕೂಗಿದಳು. ಎಲ್ಲರೂ ಬಂದರಲ್ಲ, ಇನ್ಯಾರು ಒಳಗೆ ಅಂತ ಪಕ್ಕದ ಮನೆಯ ಚಾಪೆಯಾಕೆಯನ್ನು ಕೇಳಿದೆ. ನಿಮ್ಮ ದೊಡ್ಡಮ್ಮ ಕಣಮ್ಮ, ಅವಳಿನ್ನೂ ಬಂದಿಲ್ಲ ಅಂದಳು, ಹಾಲು ಇನ್ನೂ ಕಾದಿಲ್ಲ ಅಂದಷ್ಟೇ ಸಲೀಸಾಗಿ. ಅಷ್ಟರಲ್ಲಿ ಬಲು ದೂರದಿಂದ, ಹರೆಯದ ಹುಡುಗಿಯ ದನಿಯಲ್ಲಿ, 'ಇದ್ದೀನೀ' ಅಂತ ಕೇಳಿತು.

ಅಮ್ಮನಿಗೊಬ್ಬಳು ಅಕ್ಕ ಇದ್ದಳು ಅಂತ ನಿನಗೆ ಗೊತ್ತಿತ್ತೇನೇ? ನನಗಂತೂ ಇಲ್ಲ. ಹರೆಯದಲ್ಲೇ ಅವಳು ಜೊಂಡಿನೊಳಗೆ ಕಳೆದುಹೋದಳಂತೆ, ಚಾಪೆಯಾಕೆ ಹೇಳಿದಳು. ಆ ದಿನ ಕಲ್ಲಿನ ಮೇಲೆ ಕೂತಿದ್ದವಳು ಅಮ್ಮ. ಉಳಿದವರೆಲ್ಲ ಹೊರಗೆ ಬಂದಿದ್ದರು, ದೊಡ್ಡಮ್ಮ ಒಬ್ಬಳೇ ಬರುವುದಿತ್ತು. ಅಮ್ಮನ ಬೆನ್ನ ಹಿಂದಿನ ಓಣಿಯಿಂದ, ನಾನಾಗಲೇ ಬಂದೆ ಕಣೇ, ನಡಿ ಮನೆಗೆ ಅಂತ ಅಕ್ಕನ ದನಿ ಕೇಳಿತಂತೆ. ಬೇರೆ ಕಡೆಯಿಂದ ಹತ್ತಿ ಬಂದಿರಬೇಕು ಅಂದುಕೊಂಡು, ಮುಖ ನೋಡದೆ ಅಮ್ಮ ಎದ್ದುಬಿಟ್ಟಳು. ಮನೆಯಲ್ಲಿ ಯಾರೂ ಇರಲಿಲ್ಲ. ಓಡಿಬಂದು ಗಂಟಲು ಹರಿಯುವಂತೆ ಕೂಗಿದಳು. ಒಳಗಿನಿಂದ 'ಇದ್ದೀನೀ' ಅನ್ನುತ್ತಲೇ ಇತ್ತು, ದೊಡ್ಡಮ್ಮ ಬರಲಿಲ್ಲ. ಅಮ್ಮ ಊರು ಬಿಟ್ಟಳು, ಕಲ್ಲು ಚಿಕ್ಕಮ್ಮನ ಪಾಲಿಗೆ ಬಂತು. ಅಂದಿನಿಂದ ದಿನವೂ ಅದೇ ಕೂಗು, ಅದೇ ಜಾಗದಿಂದ ಅದೇ ಓಗೊಡುವಿಕೆ. ಆ ದನಿಗೆ ವಯಸ್ಸೇ ಆಗಿಲ್ಲ.

ನಾನು ಬಂದ ಮರುದಿನ ಚಿಕ್ಕಮ್ಮನ ದನಿ ಪೂರ್ತಿ ಅಡಗಿತು. ಡಾಕ್ಟರು ತುಟಿ ಪಿಟಕ್ಕೆನ್ನಕೂಡದು ಅಂದಿದ್ದಾರೆ. ಕೂಗುವವರಿಲ್ಲದೆ ಕೊಯ್ಲು ನಿಂತೀತಲ್ಲ ಅಂತ ನಾನೇ ಕಲ್ಲಿನ ಮೇಲೆ ಕೂತೆ. ಫೋನಿನಲ್ಲಿ ನಾನು ಮಾತಾಡಿದರೆ ಎಲ್ಲರೂ ಅಮ್ಮನೇ ಅಂದುಕೊಳ್ಳುತ್ತಿದ್ದರಲ್ಲ, ನೆನಪಿದೆಯಾ? ಆ ದನಿಯಲ್ಲಿ 'ಅಕ್ಕಾ' ಅಂದೆ. ಉತ್ತರ ಹತ್ತಿರದಿಂದ ಬಂತು. ದಿನದಿನಕ್ಕೂ ಇನ್ನೂ ಹತ್ತಿರ. ನಿನ್ನೆ ಗಾಳಿಯೇ ಇರಲಿಲ್ಲ, ಆದರೂ ದಂಡೆಯ ಪಕ್ಕದ ಜೊಂಡು ಮೆಲ್ಲಗೆ ಸರಿಯಿತು. ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹೋದವು. ಹಸಿ ಚಾಪೆಯ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಬಂದ್ಯೇನೇ, ಎಷ್ಟು ಹೊತ್ತು ಮಾಡಿದೆ ಅಂತ ಆ ದನಿ ನನ್ನನ್ನು ಕೇಳಿತು.

ಅವಳು ಕಾಯುತ್ತಿದ್ದುದು ಅಮ್ಮನನ್ನು, ಉಂಡೆ. ಇಷ್ಟು ಕಾಲ ಕಾದವಳನ್ನು ಬಿಟ್ಟು ಬಂದು ನಾನು ನಿಕ್ಕರಿಗೆ ಅಂಚು ಹೊಲಿಯಲಾ?

ನಾಳೆ ಬೆಳಗ್ಗೆ ನಾನೇ ಒಳಗೆ ಹೋಗಿ ಅವಳನ್ನು ಕೈಹಿಡಿದು ಕರೆತರುತ್ತೇನೆ. ಗಾಬರಿಯಾಗಬೇಡ. ಚಿಕ್ಕಮ್ಮ ಮೊದಲು ನನ್ನ ತೋಳು ಹಿಡಿದು ಬೇಡ ಬೇಡ ಅಂತ ತಲೆಯಾಡಿಸಿದಳು, ಈಗ ಒಪ್ಪಿದ್ದಾಳೆ. ಬಿಸಿನೀರಿನ ಹಬೆ ತೆಗೆದುಕೊಂಡು ಗಂಟಲು ಬಿಟ್ಟಿದೆ. ಅವಳು ಕಲ್ಲಿನ ಮೇಲೆ ಕೂತು ಕೂಗುತ್ತಾಳೆ, ನಾನು ಆ ಕೂಗು ಹಿಡಿದು ಬರುತ್ತೇನೆ, ಅಷ್ಟೇ. ನೀನು ಬರುವುದೇನೂ ಬೇಡ. ಕಾಲರಿನ ಕೆಲಸ ಮೊದಲು ಮುಗಿಸು. ಕತ್ತರಿಗೆ ಸಾಣೆ ಹಿಡಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ನನ್ನ ಮೇಲಿನ ಸಿಟ್ಟನ್ನು ಹೊಟ್ಟೆಗೆ ತೋರಿಸಬೇಡ.

ಯಾವತ್ತಿಗೂ ನಿನ್ನ,
ಸೂಜಿ

ಮತ್ತೆ: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಚಿಕ್ಕಮ್ಮನ ಗಂಟಲು ಬಿಟ್ಟಿಲ್ಲ. ಅವಳು ಒಪ್ಪಿಯೂ ಇಲ್ಲ, ಮೂಲೆಯಲ್ಲಿ ಕೂತು ದನಿಯಿಲ್ಲದೆ ಅಳುತ್ತಿದ್ದಾಳೆ. ನಿನ್ನೆ ಜೊಂಡು ಸರಿದಿದ್ದನ್ನು ನೋಡಿದ ಮೇಲೆ ಊರಿನವರು ಯಾರೂ ಕೆರೆಯ ಕಡೆ ತಲೆ ಹಾಕಿಲ್ಲ. ನಾಳೆ ಕಲ್ಲು ಖಾಲಿ ಇರುತ್ತದೆ.

ನಾಳೆಯ ತನಕ ತಡೆದೇನೋ ಇಲ್ಲವೋ. ಈಗಷ್ಟೇ ಒಳಗಿನಿಂದ 'ಸೂಜೀ' ಅಂತ ಕರೆಯಿತು. ಅಪ್ಪ ಇಟ್ಟ ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ದನಿಯೂ ದೊಡ್ಡಮ್ಮನದಲ್ಲ, ನಿನ್ನದು ಕಣೇ. ನೀನು ಅಂಗಡಿಯಲ್ಲಿದ್ದೀಯ ಅಂತ ಗೊತ್ತಿದ್ದೂ ನಾನು ಮೊಣಕಾಲುದ್ದ ನೀರಿಗಿಳಿದಿದ್ದೆ. ಚಿಕ್ಕಮ್ಮ ಎಳೆದು ತಂದಳು. ಇನ್ನೊಂದು ಸಲ ಕರೆದರೆ ನಾನು ನಿಲ್ಲಲಾರೆ, ನನಗೆ ಗೊತ್ತು.

ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ನಾನು ಒಳಗಿರುತ್ತೇನೆ. ಸಮವಸ್ತ್ರ ಹಾಳಾಗಲಿ, ಅಂಗಡಿಗೆ ಬೀಗ ಹಾಕಿ ಬಾ. ಕಲ್ಲಿನ ಮೇಲೆ ಕೂತು ಕೂಗು. ನಾನು ಬಂದೆ ಅಂತ ಬೆನ್ನ ಹಿಂದಿನಿಂದ ಕೇಳಿದರೂ ಏಳಬೇಡ, ನನ್ನ ಮುಖ ನೋಡಿ ಏಳು. ಒಳಗಿನಿಂದಲೂ ನಿನ್ನ ದನಿಯೇ ಕರೆಯುತ್ತಿರುತ್ತದೆ, ಬಹಳ ಮುದ್ದಾಗಿ. ಅದಕ್ಕೇ ನೀನು ಮುದ್ದು ಮಾಡಬೇಡ. ಬಾಯಿಗೆ ಬಂದ ಹಾಗೆ ಬೈಯುತ್ತಾ ಕೂಗು. ಆಗ ನೀನೇ ಅಂತ ಗೊತ್ತಾಗುತ್ತದೆ.