ಅಮ್ಮನ ಕೈ

ನವೆಂಬರ್ ೨೩, ಶನಿವಾರ

ಆ ಎರಡು ಬೆರಳು ತಲೆಯಿಂದ ಹೋಗುತ್ತಿಲ್ಲ.

ಆರನೇ ಕ್ಲಾಸಿನವರಿಗೆ ಅಮ್ಮನ ಕೈಯನ್ನು ನೆನಪಿನಿಂದ ಜೇಡಿಮಣ್ಣಿನಲ್ಲಿ ಮಾಡಿ ಅಂದಿದ್ದೆ. ಎಲ್ಲವೂ ಬಾಳೆಹಣ್ಣಿನ ಚಿಪ್ಪಿನ ಹಾಗಿದ್ದವು. ಪ್ರದರ್ಶನದ ಹಿಂದಿನ ದಿನ ಮಕ್ಕಳ ಕೆಲಸವನ್ನು ಗುಟ್ಟಾಗಿ ತಿದ್ದುವುದು ನನ್ನ ಹಳೇ ಚಾಳಿ. ಒಂದರಲ್ಲಿ ಮೂರೇ ಬೆರಳಿದ್ದವು. ಮುರಿದಿರಬೇಕೆಂದು ಎರಡು ಅಂಟಿಸಿ ಬಣ್ಣ ಬಳಿದೆ. ಇವತ್ತು ಆ ಕೈಗೇ ಮೊದಲ ಬಹುಮಾನ ಬಂತು.

ಹೆಸರು ಕರೆದರೆ ಅದನ್ನು ಮಾಡಿದ ಹುಡುಗಿ ನೇರ ಮೇಜಿನ ಹತ್ತಿರ ಹೋಗಿ ಆ ಎರಡನ್ನೂ ಮುರಿದಳು.

"ತಲೆ ಕೆಟ್ಟಿದ್ಯೇನೇ?" ಅಂದರು ಹೆಡ್ ಮೇಡಂ.

"ನಾನು ಮೂರೇ ಮಾಡಿದ್ದೆ ಮೇಡಂ."

"ಸುಳ್ಳು ಬೇರೆ. ಮೇಷ್ಟ್ರೇ, ಇವಳು ಮಾಡಿದ್ದು ಐದೇ ತಾನೆ?"

ನಾನು ಹೂಂ ಅಂದೆ.

ಬಹುಮಾನ ಬೇರೆಯವಳಿಗೆ ಹೋಯಿತು. ಪೋಷಕರ ಸಾಲಿನಿಂದ ಈ ಹುಡುಗಿಯ ತಾಯಿ ಎದ್ದು ಬಂದು ಮಗಳ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಮೂರೇ ಬೆರಳು. ಮಿಕ್ಕೆರಡನ್ನು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಿಷನ್ನು ತಿಂದಿತ್ತಂತೆ.

"ಐದು ಮಾಡಿದ್ಯಾ ಪುಟ್ಟೀ? ನನ್ನ ಕೈ ಅಂದ್ರೆ ಅಷ್ಟೊಂದು ನಾಚಿಕೆನಾ?" ಅಂದಳು, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಮೇಷ್ಟ್ರೇ, ನಿಮ್ಮ ಶ್ರಮ ಹಾಳು ಮಾಡಿದ್ಳು."

ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡಮ್ಮಾ, ಮಕ್ಕಳು ತಾನೆ," ಅಂದೆ, ದೊಡ್ಡ ಮನಸ್ಸಿನವನ ಹಾಗೆ.