ಮೂರನೆಯ ಕೊಠಡಿಯಿಂದ ಐದನೆಯ ಕೊಠಡಿಗೆ

ಸ್ಕ್ಯಾನಿಂಗ್ ಯಂತ್ರಗಳಿಗೆ ಪರವಾನಗಿ ಕೊಡುವ ಮಾನ್ಯರೇ,

ನಿಮ್ಮ ಒಂದು ಸಹಿ ಇಲ್ಲದ ಕಾರಣಕ್ಕೆ, ಹಾನಗಲ್ ಕಡೆಯ ಒಂದು ಧರ್ಮಾರ್ಥ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಮೂರನೆಯ ಕೊಠಡಿಯಿಂದ ಆಪರೇಷನ್ ನಡೆಯುವ ಐದನೆಯ ಕೊಠಡಿಗೆ ಹೋಗಲಾರದೆ ನಿಂತಿದೆ. ಯಂತ್ರಕ್ಕೆ ಚಕ್ರಗಳಿವೆ. ನಡುವೆ ಇರುವುದು ಹನ್ನೆರಡು ಹೆಜ್ಜೆ. ಆಸ್ಪತ್ರೆಯವರು ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಯಂತ್ರ ಹೊರಡುವ ಬದಲು ನಿಮ್ಮ ತಪಾಸಣಾ ತಂಡ ಹೊರಟೀತು.

ನನ್ನ ಅಕ್ಕ ಸಿದ್ದವ್ವನಿಗೆ ಅರವತ್ತೊಂದು ವರ್ಷ. ಆರು ವರ್ಷಗಳಿಂದ ಅವಳ ಗರ್ಭಕೋಶ ಕೆಳಗೆ ಜಾರಿದೆ. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಅವಳನ್ನೇ ಕೇಳಿದೆ. “ಬರಿ. ಆರು ವರ್ಷ ಮುಚ್ಚಿಟ್ಟು ನನಗ ಏನ್ ಸಿಕ್ತು?” ಅಂದಳು. ಈ ತೊಂದರೆ ಇರುವ ಹೆಂಗಸರು ಊರು ಬಿಟ್ಟು ಹೊರಟರೆ ನೀರು ಮುಟ್ಟುವುದಿಲ್ಲ. ಬಸ್ಸಿನಲ್ಲಿ ಒಮ್ಮೆ ಕೆಮ್ಮಿದರೂ ಸೀರೆ ಒದ್ದೆಯಾದೀತೆಂಬ ಅಂಜಿಕೆ. ಆಪರೇಷನ್ನಿನ ಹಿಂದಿನ ಮಧ್ಯಾಹ್ನವೇ ಅಕ್ಕ ನೀರು ಬಿಟ್ಟಿದ್ದಳು. ಮರುದಿನ ಅರಿವಳಿಕೆ ಕೊಡುವ ಡಾಕ್ಟರ್ ತಸ್ಲೀಮಾ, ಆಪರೇಷನ್ನಿಗೆ ಎರಡು ತಾಸು ಮೊದಲಿನವರೆಗೆ ನೀರು ಕುಡಿಯಿರಿ ಎಂದು ತಾವು ಹೇಳಿದ್ದಂತೆ ಬೆಳಿಗ್ಗೆ ಕುಡಿದಳೇ ಎಂದು ಅಕ್ಕನನ್ನು ಕೇಳಿದರು. ಎರಡು ಗ್ಲಾಸು ಕುಡಿದೆ ಎಂದಳು ಅಕ್ಕ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಆಗಿರಲಿಲ್ಲ, ರಕ್ತದೊತ್ತಡ ಅರವತ್ತಕ್ಕೆ ಕುಸಿಯಿತು, ಎದೆಬಡಿತವೂ ಇಳಿಯಿತು, ಅಕ್ಕನಿಗೆ ಎಚ್ಚರ ತಪ್ಪಿತು. ಡಾಕ್ಟರು ಔಷಧಿ, ಸಲೈನು ಹಾಕಿ ಉಳಿಸಿಕೊಂಡರು. ಆಪರೇಷನ್ ಆಗಲಿಲ್ಲ. ಸುಳ್ಳು ಯಾಕೆ ಹೇಳಿದೆ ಎಂದು ಆಮೇಲೆ ಕೇಳಿದರೆ, “ಆಕಿ ಅಷ್ಟು ಅಂತಃಕರಣದಿಂದ ಕೇಳ್ಯಾಳ, ಇಲ್ಲ ಅಂದು ಆಕಿ ಮನಸ್ಸು ನೋಯಸ್ಲೇನು?” ಎಂದಳು. ಮಾನ್ಯರೇ, ಸವಣೂರು, ಶಿಗ್ಗಾಂವಿ, ಹಿರೇಕೆರೂರಿನಿಂದ ಬರುವ ಎಷ್ಟು ಹೆಂಗಸರು ಹೀಗೆ ಡಾಕ್ಟರ ಮನಸ್ಸು ಕಾಯುತ್ತಾರೋ, ಲೆಕ್ಕ ಇಟ್ಟವರಾರು?

ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಮೊದಲೇ ತಿಳಿಯಲು ಒಂದು ದಾರಿಯಿದೆ ಎಂದರು ಡಾಕ್ಟರ್ ತಸ್ಲೀಮಾ. ಹೊಟ್ಟೆಯೊಳಗಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಸ್ಕ್ಯಾನಿನಲ್ಲಿ ಅಳೆಯಬೇಕು. ಉಸಿರು ಒಳಗೆ ಎಳೆದಾಗ ಅದು ಎಷ್ಟು ಕುಗ್ಗುತ್ತದೆ ಎಂದು ನೋಡಬೇಕು. “ಬಾವ್ಯಾಗ ನೀರು ಇಳದಾಗ ಮೋಟರಿನ ರಬ್ಬರ್ ಪೈಪು ಅಪ್ಪಚ್ಚಿ ಆಗ್ತೈತಲ್ರಿ, ಹಂಗ. ಇದೇನು ಭವಿಷ್ಯ ಅಲ್ರಿ, ಒಮ್ಮೊಮ್ಮೆ ತಪ್ಪತೈತಿ. ಆದ್ರ ಬರೇ ಬಾಯಿಮಾತು ನಂಬೂದಕ್ಕಿಂತ ಚಲೋ.” ಬಹಳ ಕುಗ್ಗಿದರೆ ಮೊದಲು ಸಲೈನು ಹಾಕಿ, ಮತ್ತೆ ಅಳೆದು, ಆಮೇಲೆ ಇಂಜೆಕ್ಷನ್. ಮೂರನೆಯ ಕೊಠಡಿಯಲ್ಲೇ ನೋಡಿಕೊಂಡು ಬರಲಿ ಎನ್ನುತ್ತೀರಾ? ಅಲ್ಲಿ ಬಸುರಿಯರ ಸಾಲು ಬಾಗಿಲು ದಾಟಿರುತ್ತದೆ. ಅದೂ ಅಲ್ಲದೆ, ಮತ್ತೆ ಮತ್ತೆ ಅಳೆಯಲು ಸಲೈನು ನೇತಾಡುವ ರೋಗಿಯನ್ನು ಎಷ್ಟು ಸಲ ಆಚೆ ಈಚೆ ದೂಡುವುದು?

ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ಯಾನಿನಲ್ಲಿ ನೋಡಿ ಹೆಣ್ಣುಕೂಸನ್ನು ಹೊಟ್ಟೆಯಲ್ಲೇ ಕೊಲ್ಲುವವರು ನಮ್ಮ ನಡುವೆಯೇ ಇದ್ದರು, ಅದಕ್ಕೇ ಯಂತ್ರಗಳಿಗೆ ಕಾವಲು ಬಂತು, ಬರಬೇಕಿತ್ತು. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಆದರೆ ಆ ಕಾವಲು ನಿಮ್ಮ ಕಚೇರಿಯಲ್ಲಿ ಏನಾಗಿದೆ ನೋಡಿ. ಅರ್ಜಿ ಏನಾಯಿತೆಂದು ಕೇಳಲು ನಾನು ಮೂರನೆಯ ಸಲ ಬಂದಾಗ ನಿಮ್ಮ ಗುಮಾಸ್ತರು, ರೋಗಿಯ ವಿವರ ತುಂಬಿ ಎಂದು ಒಂದು ನಮೂನೆ ಕೊಟ್ಟರು. ಎಷ್ಟನೆಯ ತಿಂಗಳು ಎಂದು ಕೇಳಿದರು. ಅಕ್ಕನಿಗೆ ಅರವತ್ತೊಂದು ಎಂದೆ. ಅವರು ತಲೆ ಎತ್ತಲಿಲ್ಲ. “ಅದು ಖರೇರಿ. ಆದ್ರ ಕಾಲಂ ಖಾಲಿ ಬಿಡಾಕ ಬರೂದಿಲ್ಲ.” ಪಾಪ, ಅವರದೇನು ತಪ್ಪು? ಮೊಮ್ಮಗಳ ಮದುವೆ ಮಾಡಿದ ಮುದುಕಿಯೂ ಬಸುರಿಯಾದರೆ ಮಾತ್ರ ನಿಮ್ಮ ಕಡತಕ್ಕೆ ಕಾಣುತ್ತಾಳೆ.

ಆ ಮೇಜಿನ ಮೇಲೆ ಮತ್ತೆ ಮಲಗುವುದಿಲ್ಲ ಎಂದು ಅಕ್ಕ ಹಟ ಹಿಡಿದಿದ್ದಳು. ಈ ಸಲ ರಕ್ತನಾಳ ನೋಡಿಯೇ ಇಂಜೆಕ್ಷನ್ ಕೊಡುತ್ತಾರೆ ಎಂದು ನಾನು ಆಣೆ ಮಾಡಿದ ಮೇಲೆ ಒಪ್ಪಿದ್ದಾಳೆ. ಬರುವ ಇಪ್ಪತ್ತನೆಯ ತಾರೀಖಿಗೆ ದಿನ ಗೊತ್ತಾಗಿದೆ. ಅದರೊಳಗೆ ಅರಿವಳಿಕೆ ಡಾಕ್ಟರ ಹೆಸರನ್ನೂ ಐದನೆಯ ಕೊಠಡಿಯನ್ನೂ ಪರವಾನಗಿಗೆ ಸೇರಿಸಿ. ಬೇಕಿದ್ದರೆ ಪ್ರತಿ ಸ್ಕ್ಯಾನನ್ನೂ ದಾಖಲು ಮಾಡಿಸಿ, ಬಾಗಿಲಲ್ಲಿ ಕ್ಯಾಮೆರಾ ಹಾಕಿಸಿ, ನಮ್ಮ ತಕರಾರಿಲ್ಲ.

ಆಗದು ಎನ್ನುವುದಾದರೆ ನನಗೆ ಹಿಂಬರಹ ಕಳಿಸಬೇಡಿ. ಆಡೂರಿಗೆ ಬಂದು ಅಕ್ಕನಿಗೆ ನೀವೇ ಹೇಳಿ. ಹೆದರಬೇಡಿ, ಅವಳು ಬೈಯುವುದಿಲ್ಲ. ನಿಮಗೆ ಚಹಾ ಕೊಟ್ಟು, ಹೋಗಲಿ ಬಿಡ್ರಿ ಎಂದು ನಿಮ್ಮನ್ನೇ ಸಮಾಧಾನ ಮಾಡಿ, ಆಸ್ಪತ್ರೆಗೆಂದು ಚೀಲದಲ್ಲಿ ಮಡಚಿಟ್ಟ ಸೀರೆಯನ್ನು ತೆಗೆದು ಟ್ರಂಕಿನಲ್ಲಿ ಇಡುತ್ತಾಳೆ. ಅದನ್ನು ನೀವು ಕೂತು ನೋಡಬೇಕು.

ಇಂತಿ,
ನಿಮ್ಮನ್ನು ಕೇಳದೆಯೇ ಅಕ್ಕನಿಗೆ ಮಾತು ಕೊಟ್ಟು ಕೂತಿರುವ
ಶಂಕ್ರಪ್ಪ, ಆಡೂರು